ಮೀಟರಿಗೆ ನಿಮ್ಮ ವಯಸ್ಸು ಗೊತ್ತಿಲ್ಲ: ಹಿರಿಯರು ಕರೆಂಟ್ ಬಿಲ್ ಇಳಿಸಿಕೊಳ್ಳುವ ಬಗೆ

1987ರಲ್ಲಿ ಕೆ.ಇ.ಬಿ.ಗೆ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಗೆ, ಗುಮಾಸ್ತನಾಗಿ ಸೇರಿದೆ. 1999ರಲ್ಲಿ ಮಂಡಳಿ ಹೋಗಿ ಕೆ.ಪಿ.ಟಿ.ಸಿ.ಎಲ್. ಬಂತು, 2002ರಲ್ಲಿ ಬೆಂಗಳೂರಿನ ಭಾಗ ಬೆಸ್ಕಾಂ ಆಯಿತು. ಹೊರಗಿನ ನಾಮಫಲಕ ಎರಡು ಸಲ ಬದಲಾದರೂ ನನ್ನ ಕುರ್ಚಿ ಬದಲಾಗಲಿಲ್ಲ; ಹಣ ಕಟ್ಟಿಸಿಕೊಳ್ಳುವ ಕಿಂಡಿಯ ಒಳಗಡೆಯೇ ನನ್ನ ಬಹುಪಾಲು ಸೇವೆ ಮುಗಿಯಿತು. 2019ರಲ್ಲಿ ನಿವೃತ್ತನಾದ ಮೇಲೆ ಹನುಮಂತನಗರದ ನಮ್ಮ ಮನೆಯ ಜಗಲಿಯೇ ಕಿಂಡಿಯಾಗಿದೆ. ಭಾನುವಾರ ಬೆಳಿಗ್ಗೆ ಕಾಫಿಯ ಹೊತ್ತಿಗೆ ಯಾರಾದರೊಬ್ಬರು ಬಿಲ್ಲು ಹಿಡಿದುಕೊಂಡು ಬರುತ್ತಾರೆ. ಬರುವವರಲ್ಲಿ ಮುಕ್ಕಾಲು ಪಾಲು ನನಗಿಂತ ಹಿರಿಯರು.

ಅವರೆಲ್ಲರ ಮೊದಲ ಪ್ರಶ್ನೆ ಒಂದೇ. “ಬಸ್ಸಿನಲ್ಲಿ ಹಿರಿಯರಿಗೆ ರಿಯಾಯಿತಿ ಕೊಡುತ್ತಾರೆ, ಬ್ಯಾಂಕಿನಲ್ಲಿ ಠೇವಣಿಗೆ ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿ ಕೊಡುತ್ತಾರೆ. ಕರೆಂಟಿಗೆ ಏನೂ ಇಲ್ಲವೇ ಸಾರ್?”

ಇಲ್ಲ. ಇಲ್ಲ ಎನ್ನುವುದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದು ಗೊತ್ತಿಲ್ಲದೆ ಹೋದವರು ತಪ್ಪು ಬಾಗಿಲು ತಟ್ಟಿ ಸುಸ್ತಾಗಿ ಬರುವುದನ್ನು ಬೇಕಾದಷ್ಟು ನೋಡಿದ್ದೇನೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 62(3)ನೇ ಕಲಂ ಪ್ರಕಾರ ದರ ನಿಗದಿ ಮಾಡುವ ಆಯೋಗ ಒಬ್ಬ ಗ್ರಾಹಕನಿಗೆ ಅನುಚಿತ ಆದ್ಯತೆ ಕೊಡುವಂತಿಲ್ಲ. ಗ್ರಾಹಕರ ನಡುವೆ ಭೇದ ಮಾಡಲು ಯಾವ ಯಾವ ಆಧಾರಗಳನ್ನು ಬಳಸಬಹುದು ಎಂದು ಅಲ್ಲಿಯೇ ಬರೆದಿದೆ: ಎಷ್ಟು ಬಳಕೆ, ಯಾವ ಹೊತ್ತಿನಲ್ಲಿ, ಯಾವ ವೋಲ್ಟೇಜ್, ಯಾವ ಪ್ರದೇಶ, ಯಾವ ಉದ್ದೇಶ, ಹೀಗೆ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಆದ್ದರಿಂದ “ನನಗೆ ಎಪ್ಪತ್ತೆಂಟು, ದರ ಕಡಿಮೆ ಮಾಡಿ” ಎಂದು ಆಯೋಗದ ಮುಂದೆ ಹೋದರೆ, ಅವರಿಗೆ ಮನಸ್ಸಿದ್ದರೂ ಕೈ ಕಟ್ಟಿದೆ.

ಹಾಗಾದರೆ ಎರಡು ಕೆಲಸ ಉಳಿಯುತ್ತವೆ. ಕಾನೂನಿಗೆ ಅರ್ಥವಾಗುವ ಭಾಷೆ ಯೂನಿಟ್ಟಿನದು. ಆ ಭಾಷೆಯಲ್ಲಿ ಸಿಗುವುದನ್ನೆಲ್ಲ ಮೊದಲು ಪಡೆದುಕೊಳ್ಳಬೇಕು. ಆಮೇಲೆ ಹೊಸದನ್ನು ಕೇಳುವುದಾದರೆ ಸರಿಯಾದ ಬಾಗಿಲಲ್ಲಿ ಕೇಳಬೇಕು. ಎರಡನ್ನೂ ನಮ್ಮ ಹಿಂದಿನ ರಸ್ತೆಯ ವಠಾರದ ಅಜ್ಜಿಯ ಬಿಲ್ಲನ್ನು ಇಟ್ಟುಕೊಂಡೇ ಹೇಳುತ್ತೇನೆ. ಅವರ ಒಪ್ಪಿಗೆ ಕೇಳಿದ್ದೇನೆ. “ಹೆಸರು ಹಾಕಬೇಡಪ್ಪ, ಲೆಕ್ಕ ಬೇಕಾದರೆ ಹಾಕಿಕೋ” ಎಂದಿದ್ದಾರೆ.

ಮೊದಲು ಬಿಲ್ಲನ್ನು ಓದಿ

ಮೀಟರ್ ರೀಡರ್ ಕೊಡುವ ಬಿಲ್ಲು ಬಿಸಿಗೆ ಮೂಡುವ ಅಕ್ಷರದ ಕಾಗದ. ದೇವರ ಮನೆಯ ದೀಪದ ಹತ್ತಿರವೋ ಫ್ರಿಜ್ಜಿನ ಮೇಲೋ ಇಟ್ಟರೆ ಮೂರು ತಿಂಗಳಿಗೆ ಬೆಳ್ಳಗಾಗುತ್ತದೆ. ಬಂದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಇಲ್ಲವೇ ಜೆರಾಕ್ಸ್ ಮಾಡಿಸಿ. ನನ್ನ ಜಗಲಿಗೆ ಬರುವವರಿಗೆ ಇದೇ ಮೊದಲ ಷರತ್ತು: ಒಂದೇ ಬಿಲ್ಲು ತಂದರೆ ನೋಡುವುದಿಲ್ಲ, ಮೂರು ತಿಂಗಳದ್ದು ಬೇಕು.

ಬಿಲ್ಲಿನಲ್ಲಿ ಎಲ್ಲರೂ ಕೊನೆಯ ಮೊತ್ತವನ್ನು ನೋಡುತ್ತಾರೆ. ನೀವು ಮೇಲಿನಿಂದ ನೋಡಿ. ಖಾತೆ ಸಂಖ್ಯೆ ಮತ್ತು ನಿಮ್ಮ ಸಂಪರ್ಕವನ್ನು ಗುರುತಿಸುವ ಆರ್.ಆರ್. ಸಂಖ್ಯೆ ಬೇರೆ ಬೇರೆ. ಅರ್ಜಿಗಳಿಗೆ ಸಾಮಾನ್ಯವಾಗಿ ಬೇಕಾಗುವುದು ಖಾತೆ ಸಂಖ್ಯೆ. ಅದರ ಕೆಳಗೆ ಮಂಜೂರಾದ ಲೋಡ್, ಅಂದರೆ ನಿಮ್ಮ ಮನೆ ಒಂದೇ ಹೊತ್ತಿಗೆ ಎಳೆಯಲು ಒಪ್ಪಿಗೆ ಇರುವ ವಿದ್ಯುತ್, ಎಷ್ಟು ಕಿಲೋವಾಟ್ ಎಂದಿರುತ್ತದೆ. ಆಮೇಲೆ ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಅವುಗಳ ದಿನಾಂಕ. ಈಗಿನ ರೀಡಿಂಗ್ ನಿಜವೇ ಎಂದು ಮೀಟರಿನ ಹತ್ತಿರ ಹೋಗಿ ಒಂದು ಸಲ ನೋಡಿ. ಮೆಟ್ಟಿಲ ಕೆಳಗಿನ ಕತ್ತಲ ಮೂಲೆಯಲ್ಲಿ ಬಗ್ಗಿ ನೋಡುವುದು ಆಗದಿದ್ದರೆ ಮೊಮ್ಮಕ್ಕಳ ಕೈಗೆ ಮೊಬೈಲು ಕೊಟ್ಟು ಫೋಟೊ ತೆಗೆಸಿ. ಬಾಗಿಲು ಹಾಕಿತ್ತೆಂದು ಅಂದಾಜಿನ ಮೇಲೆ ಬಿಲ್ಲು ಕೊಟ್ಟಿದ್ದರೆ ಅದು ಇಲ್ಲಿಯೇ ಗೊತ್ತಾಗುತ್ತದೆ.

ಹಣದ ಭಾಗದಲ್ಲಿ ನಾಲ್ಕು ಸಾಲುಗಳಿವೆ. 2025ರ ಏಪ್ರಿಲ್‌ನಿಂದ 2026ರ ಮಾರ್ಚ್ ವರೆಗೆ ಇದ್ದ ದರವನ್ನೇ ಇಲ್ಲಿ ಎಲ್ಲ ಲೆಕ್ಕಕ್ಕೂ ಹಿಡಿದಿದ್ದೇನೆ: ಗೃಹ ಬಳಕೆಯ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ನಿಗದಿತ ಶುಲ್ಕ ಪ್ರತಿ ಕಿಲೋವಾಟಿಗೆ 145 ರೂಪಾಯಿ. ದೀಪ ಹಚ್ಚಿದರೂ ಹಚ್ಚದಿದ್ದರೂ ಅದು ಇದ್ದೇ ಇರುತ್ತದೆ. ಯೂನಿಟ್ಟಿಗೆ 36 ಪೈಸೆಯ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್. ವಿದ್ಯುತ್ ಬಳಕೆಯ ಮೇಲೆ ರಾಜ್ಯ ಸರ್ಕಾರದ ಶೇ 9 ತೆರಿಗೆ. ಇವುಗಳ ಜೊತೆಗೆ ಇಂಧನ ವೆಚ್ಚದ ಹೊಂದಾಣಿಕೆ ಎಂದು ತಿಂಗಳಿಂದ ತಿಂಗಳಿಗೆ ಬದಲಾಗುವ ಚಿಲ್ಲರೆಯೊಂದಿರುತ್ತದೆ.

ಮೂರನೆಯ ಸಾಲನ್ನು ಅಜ್ಜಿಗೆ ವಿವರಿಸುವಾಗ ಸ್ವಲ್ಪ ಮುಜುಗರವಾಯಿತು. “ಪಿಂಚಣಿಯೆಂದರೆ ಯಾರದ್ದಪ್ಪ?” ಎಂದು ಕೇಳಿದರು. ನನ್ನಂಥವರದು ಎಂದೆ. ಅವರು ಏನೂ ಅನ್ನಲಿಲ್ಲ, ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು.

ಗೃಹಜ್ಯೋತಿಯ ಲೆಕ್ಕ, ಮತ್ತು ಇನ್ನೂರರ ಗೆರೆ

ಹಿರಿಯರ ಹೆಸರಿನಲ್ಲಿ ಯೋಜನೆ ಇಲ್ಲದಿದ್ದರೂ ಹೆಚ್ಚಿನ ಹಿರಿಯರ ಮನೆಗಳು ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಒಳಗೆ ಬರುತ್ತವೆ. 2023ರ ಜುಲೈ ಬಳಕೆಗೆ, ಅಂದರೆ ಆಗಸ್ಟ್‌ನ ಬಿಲ್ಲಿಗೆ, ಅದು ಶುರುವಾಯಿತು. “ಇನ್ನೂರು ಯೂನಿಟ್ ಉಚಿತ” ಎಂದು ಬಾಯಿಮಾತಿನಲ್ಲಿ ಹೇಳುತ್ತಾರೆ. ಅದು ಅರ್ಧ ಸತ್ಯ. ನಿಮಗೆ ಉಚಿತವಾಗಿ ಸಿಗುವುದು 2022–23ರ ನಿಮ್ಮ ತಿಂಗಳ ಸರಾಸರಿ ಮತ್ತು ಅದರ ಮೇಲೆ ಶೇ 10. ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ ಆ ಶೇ 10ರ ಬದಲು 10 ಯೂನಿಟ್ ಕೊಡಬೇಕೆಂದು 2024ರ ಜನವರಿಯಲ್ಲಿ ಸಂಪುಟ ತೀರ್ಮಾನಿಸಿತು. ಹಳೆಯ ಲೆಕ್ಕವೇ ಇಲ್ಲದ ಹೊಸ ಸಂಪರ್ಕಕ್ಕೆ 53 ಯೂನಿಟ್ ಸರಾಸರಿ ಎಂದು ಹಿಡಿದು ಶೇ 10 ಸೇರಿಸಿ 58 ಕೊಡುತ್ತಾರೆ.

ಈ ಪಾಲಿನೊಳಗೆ ಇದ್ದರೆ ಬಿಲ್ಲು ಸೊನ್ನೆ. ಪಾಲು ಮೀರಿ 200ರ ಒಳಗೆ ಇದ್ದರೆ ಮೀರಿದ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿದರೆ ಪಾಲೂ ಇಲ್ಲ ಪರಿಹಾರವೂ ಇಲ್ಲ. ಮೊದಲ ಯೂನಿಟ್ಟಿನಿಂದ ಇಡೀ ಬಿಲ್ಲು ಕಟ್ಟಬೇಕು. ಹಿರಿಯರ ಮನೆಗಳಲ್ಲಿ ಜೇಬು ಸುಡುವುದು ಈ ಗೆರೆಯಲ್ಲಿ.

ಅಜ್ಜಿಯ ಮನೆಯನ್ನೇ ನೋಡಿ. ಇರುವವರು ಇಬ್ಬರು, ಅವರು ಮತ್ತು ಅವರ ಯಜಮಾನರು. ಸರಾಸರಿ 120 ಯೂನಿಟ್, ಶೇ 10 ಸೇರಿ ಪಾಲು 132. ಮೊದಲೆಲ್ಲ ಸೊನ್ನೆ ಬಿಲ್ಲು ಬರುತ್ತಿತ್ತು. ಹೋದ ವರ್ಷ ಯಜಮಾನರಿಗೆ ಶ್ವಾಸಕೋಶದ ಕಾಯಿಲೆ ಹೆಚ್ಚಾಗಿ, ರಾತ್ರಿ ಹೊತ್ತು ಆಮ್ಲಜನಕದ ಯಂತ್ರ ಹಾಕಬೇಕೆಂದು ವೈದ್ಯರು ಹೇಳಿದರು. ಚಿಕ್ಕ ಬೀರುವಿನ ಗಾತ್ರದ ಆ ಕಾನ್ಸಂಟ್ರೇಟರ್ ಸುಮಾರು 350 ವಾಟ್ ಎಳೆಯುತ್ತದೆ. ರಾತ್ರಿಗೆ ಎಂಟು ಗಂಟೆಯಂತೆ 2.8 ಯೂನಿಟ್, ತಿಂಗಳಿಗೆ 84. ಒಟ್ಟು 204 ಆಯಿತು. ಗೆರೆ ದಾಟಿದ್ದು ನಾಲ್ಕೇ ಯೂನಿಟ್. ಬಿಲ್ಲು ಬಂದದ್ದು 1,650 ರೂಪಾಯಿಯ ಆಸುಪಾಸು. ಬರಿಯ ಯೂನಿಟ್ಟಿನ ಹಣವೇ 1,183 ರೂಪಾಯಿ 20 ಪೈಸೆ, ಎರಡು ಕಿಲೋವಾಟಿನ ನಿಗದಿತ ಶುಲ್ಕ 290, ತೆರಿಗೆ 106, ಸರ್ಚಾರ್ಜ್ 73. ಅಜ್ಜಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200.

ಅರ್ಜಿ ಹಾಕಿಯೇ ಇಲ್ಲದವರು ಇನ್ನೂ ಇದ್ದಾರೆ, ವಿಶೇಷವಾಗಿ ಬಿಲ್ಲು ತೀರಿಕೊಂಡ ಗಂಡನ ಹೆಸರಿನಲ್ಲಿರುವ ಹೆಂಗಸರು. ಹೆಸರು ಬದಲಾಗುವವರೆಗೆ ಕಾಯಬೇಕೆಂದು ಯಾರೋ ಹೇಳಿರುತ್ತಾರೆ. ಕಾಯಬೇಕಿಲ್ಲ. ಬಾಡಿಗೆದಾರರಿಗೂ ಯೋಜನೆ ಇದೆಯೆಂದ ಮೇಲೆ ಬಿಲ್ಲಿನ ಹೆಸರೇ ಅರ್ಜಿದಾರರದಾಗಿರಬೇಕೆಂದಿಲ್ಲ. ಮನೆಯಲ್ಲಿ ವಾಸ ಇರುವವರ ಆಧಾರ್ ಆ ಸಂಪರ್ಕಕ್ಕೆ ಜೋಡಣೆಯಾಗಬೇಕು, ಅಷ್ಟೇ. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ನೀವೇ ಹಾಕಬಹುದು, ಇಲ್ಲವೇ ಬೆಂಗಳೂರು ಒನ್ ಕೇಂದ್ರಕ್ಕೆ ಆಧಾರ್ ಕಾರ್ಡ್, ಒಂದು ಬಿಲ್ಲು, ಮೊಬೈಲು ಹಿಡಿದುಕೊಂಡು ಹೋಗಿ. ಕೆಲಸ ಕೆಡುವುದು ಮೊಬೈಲಿನಲ್ಲಿ. ಆಧಾರ್‌ಗೆ ಜೋಡಿಸಿದ ಸಂಖ್ಯೆ ಮಗನದಾಗಿರುತ್ತದೆ, ಮಗ ಟೊರಾಂಟೊದಲ್ಲಿ ಮಲಗಿರುತ್ತಾನೆ, ಒಟಿಪಿ ಅವನ ತಲೆದಿಂಬಿನ ಪಕ್ಕ ಬಂದು ಸಾಯುತ್ತದೆ. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮ ಸಂಖ್ಯೆಯನ್ನು ಜೋಡಿಸಿಕೊಳ್ಳಿ, ಆಮೇಲೆ ಉಳಿದದ್ದು.

ಮನೆ ಬದಲಿಸಿದರೆ ಹಳೆಯ ಸಂಪರ್ಕದಿಂದ ಆಧಾರ್ ಬಿಡಿಸಲು ಸೇವಾಸಿಂಧುವಿನಲ್ಲಿಯೇ ಅವಕಾಶವಿದೆ. ಒಂದು ಆಧಾರ್‌ಗೆ ಒಂದೇ ಸಂಪರ್ಕ ಆದ್ದರಿಂದ ಇದನ್ನು ಮರೆತವರ ಹೊಸ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ಕೆಂಪು ದೀಪದ ಪರೀಕ್ಷೆ

ಅಜ್ಜಿಯ ಲೆಕ್ಕದಲ್ಲಿ ನನಗೆ ಒಂದು ವಿಷಯ ಕೂಡಿಬರಲಿಲ್ಲ. ಯಂತ್ರದ 84 ಕಳೆದರೆ ಉಳಿಯುವುದು 120. ಇಬ್ಬರು ಮುದುಕರು, ಎರಡು ಕೋಣೆ, ಒಂದು ಫ್ರಿಜ್ಜು, ರಾತ್ರಿ ಒಂಬತ್ತಕ್ಕೆ ಆರುವ ಟಿ.ವಿ. ನೀರು ಕಾಯಿಸುವುದು ಗ್ಯಾಸಿನ ಮೇಲೆ. 120 ಎಲ್ಲಿಂದ ಬಂತು?

ಇದಕ್ಕೊಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಚಿಕ್ಕ ಕೆಂಪು ದೀಪ ಮಿಟುಕುತ್ತಿರುತ್ತದೆ. ಕರೆಂಟ್ ಹರಿದಷ್ಟೂ ಬೇಗ ಬೇಗ ಮಿಟುಕುತ್ತದೆ. ಮನೆಯ ಮೈನ್ ಸ್ವಿಚ್ ಆರಿಸಿ, ಐದು ನಿಮಿಷ ಆ ದೀಪವನ್ನೇ ನೋಡುತ್ತ ನಿಲ್ಲಿ. ಮಿಟುಕು ನಿಂತರೆ ಸರಿ. ನಿಲ್ಲದಿದ್ದರೆ ನಿಮ್ಮ ಮನೆಯಲ್ಲದ ಯಾವುದೋ ಒಂದು ನಿಮ್ಮ ಮೀಟರಿನಿಂದ ಕುಡಿಯುತ್ತಿದೆ. ಹಗಲಿನಲ್ಲೊಮ್ಮೆ, ಬೆಳಿಗ್ಗೆ ನೀರು ಬಿಡುವ ಹೊತ್ತಿನಲ್ಲೊಮ್ಮೆ, ದೀಪ ಹಚ್ಚುವ ಹೊತ್ತಿನಲ್ಲೊಮ್ಮೆ ಮಾಡಿ. ಒಂದೇ ಸಲ ನೋಡಿ ಬಿಟ್ಟರೆ ಕಳ್ಳ ಸಿಗುವುದಿಲ್ಲ. ಆದರೆ ಮನೆಯಲ್ಲಿ ಉಸಿರಾಟದ ಯಂತ್ರ ಇದ್ದರೆ, ಅದು ಬೇಡದ ಹೊತ್ತನ್ನು ಆರಿಸಿಕೊಳ್ಳಿ.

ಅಜ್ಜಿಯ ಮನೆಯಲ್ಲಿ ಮಧ್ಯಾಹ್ನ ನೋಡಿದಾಗ ದೀಪ ಸುಮ್ಮನಿತ್ತು. ಮರುದಿನ ಬೆಳಿಗ್ಗೆ ಆರೂವರೆಗೆ ಹೋದೆ. ಮೈನ್ ಆರಿಸಿ ನಿಂತೆವು. ಕತ್ತಲಲ್ಲಿ ದೀಪ ಒಂದು ಸಲ ಮಿಟುಕಿತು, ಆಮೇಲೆ ಹುಚ್ಚು ಹಿಡಿದಂತೆ ಒಂದೇ ಸಮನೆ ಮಿಟುಕತೊಡಗಿತು. ಅದೇ ಗಳಿಗೆಗೆ ಅಂಗಳದ ಮೂಲೆಯಿಂದ ಗುಂಯ್ ಎಂಬ ಶಬ್ದ. ಸಂಪಿನ ಮೋಟಾರು! ನಾಲ್ಕು ಮನೆಗಳ ತೊಟ್ಟಿಗೆ ನೀರೇರಿಸುವ ಒಂದು ಅಶ್ವಶಕ್ತಿಯ ಮೋಟಾರು ಅಜ್ಜಿಯ ಮೀಟರಿನ ಬೆನ್ನಿಗೆ, ಮೈನ್ ಸ್ವಿಚ್ಚಿಗಿಂತ ಮೊದಲೇ, ಅಂಟಿಕೊಂಡಿತ್ತು.

ಅಜ್ಜಿಗೆ ಅದು ಹೊಸ ಸುದ್ದಿಯೇನಲ್ಲ. “ಅದು ನಮ್ಮದೇ ಕಣಪ್ಪ. ಇವರು ಗಟ್ಟಿಯಾಗಿದ್ದಾಗ ಮೋಟಾರು ಹಾಕುವುದು ಇವರ ಕೆಲಸ. ಅದಕ್ಕೆಂದೇ ಮನೆಯ ಮಾಲೀಕರು ಬಾಡಿಗೆಯಲ್ಲಿ ನೂರು ರೂಪಾಯಿ ಬಿಡುತ್ತಿದ್ದರು” ಎಂದರು. ಆ ನೂರು ರೂಪಾಯಿಯ ಒಪ್ಪಂದ ಇಪ್ಪತ್ತು ವರ್ಷ ಹಳೆಯದು. ದಿನಕ್ಕೊಂದು ಗಂಟೆಯಂತೆ ಆ ಮೋಟಾರು ತಿಂಗಳಿಗೆ 28 ಯೂನಿಟ್ ತಿನ್ನುತ್ತಿತ್ತು. ಮೊದಲಾದರೆ ಅದು ಪಾಲಿನೊಳಗೆ ಮುಚ್ಚಿಹೋಗುತ್ತಿತ್ತು. ಈಗ ಅದೇ 28 ಯೂನಿಟ್ ಅಜ್ಜಿಯನ್ನು ಗೆರೆಯ ಆಚೆ ತಳ್ಳುತ್ತಿತ್ತು.

ಮನೆಯ ಮಾಲೀಕರ ಜೊತೆ ಜಗಳ ಬೇಕಾಗಲಿಲ್ಲ. ಕಾಗದದ ಮೇಲೆ ಎರಡು ಲೆಕ್ಕ ಬರೆದು ತೋರಿಸಿದೆ: ಮೋಟಾರು ಇದ್ದರೆ 204, ಇಲ್ಲದಿದ್ದರೆ 176. 176 ಆದರೆ ಪಾಲಿನ 132 ಕಳೆದು 44 ಯೂನಿಟ್ಟಿಗೆ ಹಣ, ಅಂದರೆ 255 ರೂಪಾಯಿ 20 ಪೈಸೆ ಮತ್ತು ಅದರ ಮೇಲಿನ ಚಿಲ್ಲರೆ. ಮಾಲೀಕರು ಕನ್ನಡಕ ಏರಿಸಿ ಎರಡು ಸಲ ಓದಿದರು. ವಾರದೊಳಗೆ ಎಲೆಕ್ಟ್ರಿಷಿಯನ್ ಬಂದು ಮೋಟಾರಿನ ತಂತಿಯನ್ನು ಅವರದೇ ಲೈನಿಗೆ ಹಾಕಿದ. ಬಾಡಿಗೆಯ ನೂರು ರೂಪಾಯಿ ಮಾತ್ರ ವಾಪಸ್ ಏರಿತು, ಅದು ನ್ಯಾಯವೇ.

ನಿಮ್ಮ ಮನೆಯಲ್ಲಿಯೂ ಮೆಟ್ಟಿಲ ದೀಪ, ಗೇಟಿನ ದೀಪ, ಮಹಡಿ ಮನೆಯ ಗೀಸರ್, ಹಿಂದಿನ ಬಾಡಿಗೆದಾರರು ಎಳೆದುಕೊಂಡ ತಂತಿ, ಇವನ್ನು ಹುಡುಕಿ. ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಇದ್ದು ಮಾಲೀಕರು, ಬಾಡಿಗೆದಾರರು ಹಂಚಿಕೊಳ್ಳುವ ಮನೆಗಳಲ್ಲಿ 200ರ ಗೆರೆ ತಪ್ಪದೆ ದಾಟುತ್ತದೆ. ಬೇರೆ ಮೀಟರ್ ಹಾಕಿಸಿಕೊಳ್ಳುವುದೇ ಅದಕ್ಕೆ ಮದ್ದು. ಆದರೆ 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೊಸ ಸಂಪರ್ಕಕ್ಕೆ ಕಟ್ಟಡದ ಸ್ವಾಧೀನಾನುಭವ ಪತ್ರದ ಪ್ರಶ್ನೆ ಎದ್ದಿದೆ, ಹಾಗಾಗಿ ಅರ್ಜಿಗೆ ಮೊದಲು ಉಪವಿಭಾಗ ಕಚೇರಿಯಲ್ಲಿ ನಿಮ್ಮ ಕಟ್ಟಡಕ್ಕೆ ಏನು ಬೇಕೆಂದು ವಿಚಾರಿಸಿ.

ಮೀಟರೇ ತಪ್ಪು ಓದುತ್ತಿದೆ ಎನ್ನಿಸಿದರೆ ಲಿಖಿತವಾಗಿ ದೂರು ಕೊಡಿ. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ ದೂರು ಬಂದ 30 ದಿನದೊಳಗೆ ಮೀಟರ್ ಪರೀಕ್ಷೆ ಆಗಬೇಕು. ನನ್ನ ಅನುಭವದಲ್ಲಿ ಹತ್ತು ದೂರುಗಳಲ್ಲಿ ಮೀಟರಿನ ತಪ್ಪು ಒಂದೋ ಎರಡೋ; ಉಳಿದವೆಲ್ಲ ಗೀಸರ್.

ಗೀಸರ್, ಫ್ಯಾನ್, ಲೋಡ್

ಗೀಸರ್ ವಿಷಯ ಎತ್ತಿದರೆ ನಮ್ಮ ಮನೆಯಲ್ಲಿಯೇ ಯುದ್ಧ. “ರೀ, ಊರಿಗೆಲ್ಲ ಉಪದೇಶ ಮಾಡುತ್ತೀರಿ, ನಮ್ಮ ಗೀಸರ್ ಏಳರಿಂದ ಉರಿಯುತ್ತಿದೆ” ಎಂದು ಒಳಗಿನಿಂದ ಧ್ವನಿ ಬರುತ್ತದೆ. ಎರಡು ಕಿಲೋವಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಒಂದು ಬಕೆಟ್ ನೀರನ್ನು ಮೈಗೆ ಹಿತವಾಗುವಷ್ಟು ಬಿಸಿ ಮಾಡಲು ಬೇಕಾಗುವುದು ಸುಮಾರು ಅರ್ಧ ಯೂನಿಟ್. ಉಳಿದದ್ದು ನಾವು ಆರಿಸಲು ಮರೆತದ್ದು.

ಹಳೆಯ ಫ್ಯಾನ್ 75 ವಾಟ್. ವಯಸ್ಸಾದವರಿರುವ ಮನೆಯಲ್ಲಿ ಫ್ಯಾನ್ ದಿನಕ್ಕೆ ಹನ್ನೆರಡು ಗಂಟೆ ತಿರುಗುವುದು ಸಾಮಾನ್ಯ. ತಿಂಗಳಿಗೆ 27 ಯೂನಿಟ್. ಬಿ.ಎಲ್.ಡಿ.ಸಿ. ಎಂದು ಬರುವ ಹೊಸ ಬಗೆಯ ಫ್ಯಾನ್ 28 ವಾಟಿನ ಸುತ್ತಮುತ್ತ, ತಿಂಗಳಿಗೆ 10. ಎಲ್ಲ ಫ್ಯಾನ್ ಬದಲಿಸಬೇಕಿಲ್ಲ. ಹೆಚ್ಚು ಹೊತ್ತು ತಿರುಗುವ ಒಂದನ್ನು, ಅಂದರೆ ಮಂಚದ ಮೇಲಿನದನ್ನು, ಬದಲಿಸಿ. ಅದಕ್ಕೆ ರಿಮೋಟ್ ಇರುವುದರಿಂದ ರಾತ್ರಿ ಎದ್ದು ರೆಗ್ಯುಲೇಟರ್ ಹುಡುಕುವ ಕಷ್ಟವೂ ತಪ್ಪುತ್ತದೆ.

ಇನ್ನು ಪ್ರತಿ ತಿಂಗಳೂ ಪೂರ್ತಿ ಬಿಲ್ಲು ಕಟ್ಟುವ ಸ್ವಂತ ಮನೆಯವರಿಗೆ ಒಂದು ಮಾತು. ಮಕ್ಕಳೆಲ್ಲ ಜೊತೆಯಲ್ಲಿದ್ದಾಗ ಐದು ಕಿಲೋವಾಟ್ ಲೋಡ್ ಪಡೆದಿರುತ್ತೀರಿ. ಈಗ ಇರುವವರು ಇಬ್ಬರು. ಮೀಟರಿನ ಪರದೆಯಲ್ಲಿ ಎಂ.ಡಿ. ಎಂದು ಬರುವ ಅಂಕಿ ಆ ತಿಂಗಳ ಗರಿಷ್ಠ ಬೇಡಿಕೆ. ಅದು ವರ್ಷವಿಡೀ ಎರಡೂವರೆ ದಾಟದಿದ್ದರೆ ಲೋಡನ್ನು ಮೂರಕ್ಕೆ ಇಳಿಸಿಕೊಡಿ ಎಂದು ಉಪವಿಭಾಗ ಕಚೇರಿಗೆ ಅರ್ಜಿ ಕೊಡಿ. ಎರಡು ಕಿಲೋವಾಟ್ ಇಳಿದರೆ ಮೇಲಿನ ದರದಲ್ಲಿ ತಿಂಗಳಿಗೆ 290 ರೂಪಾಯಿ ಉಳಿತಾಯ. ಆದರೆ ಬೇಸಿಗೆಯಲ್ಲಿ ಮೊಮ್ಮಕ್ಕಳು ಬಂದು ಎ.ಸಿ., ಇಸ್ತ್ರಿ, ಗೀಸರ್ ಒಟ್ಟಿಗೆ ಹಾಕುವ ಮನೆಯಾದರೆ ಆ ಎರಡು ತಿಂಗಳ ಎಂ.ಡಿ.ಯನ್ನೂ ನೋಡಿ ತೀರ್ಮಾನಿಸಿ.

ಮನೆ ಬಾಗಿಲಿನ ಸೇವೆ, ಮತ್ತು ರಾತ್ರಿ ಬರುವ ಸಂದೇಶ

ಕಾನೂನಿನಲ್ಲಿ ವಯಸ್ಸಿಗೆ ಜಾಗವೇ ಇಲ್ಲ ಎಂದೆನಲ್ಲ, ದರದಲ್ಲಿ ಇಲ್ಲ, ಸೇವೆಯಲ್ಲಿ ಇದೆ. ಈಗ ಹೇಳಿದ 2020ರ ನಿಯಮಗಳಲ್ಲಿ ಅರ್ಜಿ ಸಲ್ಲಿಕೆ, ಬಿಲ್ ಪಾವತಿಯಂಥ ಎಲ್ಲ ಸೇವೆಗಳನ್ನೂ ಹಿರಿಯ ನಾಗರಿಕರಿಗೆ ಮನೆ ಬಾಗಿಲಲ್ಲಿ ಒದಗಿಸಬೇಕೆಂದಿದೆ. ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ, ನಿಮ್ಮ ವಯಸ್ಸು, ಖಾತೆ ಸಂಖ್ಯೆ, ಬೇಕಾದ ಸೇವೆ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ನಿಯಮದ ಹೆಸರನ್ನು ಸಮಾಧಾನದಿಂದ ಒಂದು ಸಲ ಹೇಳಿ. ಕೂಗಾಡಿದವರ ಕೆಲಸ ಬೇಗ ಆಗುತ್ತದೆ ಎಂಬುದು ಕಿಂಡಿಯ ಆಚೆ ನಿಂತವರ ನಂಬಿಕೆ. ಈಚೆ ಕೂತಿದ್ದ ನಾನು ಹೇಳುತ್ತೇನೆ, ಬರೆದು ಕೊಟ್ಟವರ ಕೆಲಸ ಆಗುತ್ತದೆ. ಆಗದಿದ್ದರೆ ಕಾಯ್ದೆಯ 42ನೇ ಕಲಂನಡಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. “ಹಿಂದಿನ ತಿಂಗಳ ಬಿಲ್ ದಾಖಲಾಗಿಲ್ಲ, ಇಂದು ರಾತ್ರಿ 9.30ಕ್ಕೆ ನಿಮ್ಮ ಸಂಪರ್ಕ ಕಡಿತವಾಗುತ್ತದೆ, ಕೂಡಲೇ ಈ ಅಧಿಕಾರಿಗೆ ಕರೆ ಮಾಡಿ” ಎಂದು ಮೊಬೈಲಿಗೆ ಬಂದರೆ ಅದು ಮೋಸ. ಕಾಯ್ದೆಯ 56ನೇ ಕಲಂ ಪ್ರಕಾರ ಬಾಕಿಗಾಗಿ ಸಂಪರ್ಕ ಕಡಿಯಬೇಕಾದರೆ ಕನಿಷ್ಠ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಸಂಜೆ ಸಂದೇಶ ಕಳಿಸಿ ರಾತ್ರಿ ಕಡಿಯುವ ಅಧಿಕಾರಿ ನನ್ನ ಇಡೀ ಸೇವೆಯಲ್ಲಿ ಒಬ್ಬನೂ ಇರಲಿಲ್ಲ. ಕರೆ ಮಾಡಬೇಡಿ, ಅವರು ಕಳಿಸುವ ಆ್ಯಪ್ ಹಾಕಿಕೊಳ್ಳಬೇಡಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟು ಮಕ್ಕಳಿಂದ ಮುಚ್ಚಿಡದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಮ್ಮ ರಸ್ತೆಯ ನಿವೃತ್ತ ಮೇಷ್ಟರೊಬ್ಬರು ಎರಡು ದಿನ ಯಾರಿಗೂ ಹೇಳದೆ ಕೂತಿದ್ದರು. ಆ ಎರಡು ದಿನ ವಾಪಸ್ ಬರಲಿಲ್ಲ, ಹಣವೂ ಬರಲಿಲ್ಲ.

ಹೊಸ ಕಾನೂನು ಕೇಳುವುದಾದರೆ

ಅಜ್ಜಿಯ ಬಿಲ್ಲು ಇಳಿಯಿತು, ಸರಿ. ಆದರೆ ಯಜಮಾನರಿಗೆ ಯಂತ್ರ ಹಗಲೂ ಬೇಕಾದರೆ? ಹದಿನಾರು ಗಂಟೆಯೆಂದರೆ ಯಂತ್ರಕ್ಕೇ 168 ಯೂನಿಟ್. ಯಾವ ಫ್ಯಾನ್ ಬದಲಿಸಿದರೂ ಗೆರೆಯ ಒಳಗೆ ಇರಲು ಆಗುವುದಿಲ್ಲ. ಇಲ್ಲಿ ಕಾನೂನೇ ಬದಲಾಗಬೇಕು.

ಕೇಳುವವರು ಮೂರು ಬಾಗಿಲುಗಳ ಗುರುತು ಇಟ್ಟುಕೊಳ್ಳಿ. ಒಂದು, ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಅಲ್ಲಿ ಸಾರ್ವಜನಿಕ ವಿಚಾರಣೆಯಲ್ಲಿ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಿ ಮಾತನಾಡಬಹುದು, ವಕೀಲರು ಬೇಕಿಲ್ಲ. ಆದರೆ ಅಲ್ಲಿ ನಿಗದಿತ ಶುಲ್ಕ ಏರಿದ್ದರ ಬಗ್ಗೆ, ಸರ್ಚಾರ್ಜ್ ಬಗ್ಗೆ ಮಾತನಾಡಿ. ವಯಸ್ಸಿನ ಬಗ್ಗೆ ಮಾತನಾಡಿದರೆ 62(3) ಅಡ್ಡ ಬರುತ್ತದೆ. 2025ರ ಮಾರ್ಚ್‌ನ ದರ ಆದೇಶ ಮೂರು ವರ್ಷದ್ದು ಎಂಬುದೂ ನೆನಪಿರಲಿ.

ಎರಡನೆಯದು ರಾಜ್ಯ ಸರ್ಕಾರ. ಅದೇ ಕಾಯ್ದೆಯ 65ನೇ ಕಲಂ ಪ್ರಕಾರ ಯಾವ ವರ್ಗಕ್ಕೆ ಬೇಕಾದರೂ ಸರ್ಕಾರ ಸಹಾಯಧನ ಕೊಡಬಹುದು. ಆ ಹಣವನ್ನು ವಿತರಣಾ ಕಂಪನಿಗೆ ಮುಂಗಡವಾಗಿ ತುಂಬಬೇಕು, ಅಷ್ಟೇ. ಗೃಹಜ್ಯೋತಿ ನಿಂತಿರುವುದು ಸರ್ಕಾರದ ಆದೇಶದ ಮೇಲೆ, ಆದ್ದರಿಂದ ಅದರಲ್ಲಿ ಒಂದು ಸಾಲು ಸೇರಿಸಲು ವಿಧಾನಸಭೆಯಲ್ಲಿ ಮಸೂದೆಯೇ ಬೇಕೆಂದಿಲ್ಲ. 48 ಯೂನಿಟ್ಟಿನ ಒಳಗಿನವರಿಗೆ 10 ಯೂನಿಟ್ ಸೇರಿಸಿದ್ದು ಹಾಗೆಯೇ.

ಮೂರನೆಯದು ಶಾಸಕಾಂಗ, ಮತ್ತು ಇದನ್ನು ಕೇಳುವವರೇ ಇಲ್ಲ. ಬಿಲ್ಲಿನಲ್ಲಿರುವ ಶೇ 9 ತೆರಿಗೆ ಕರ್ನಾಟಕದ 1959ರ ವಿದ್ಯುಚ್ಛಕ್ತಿ ಬಳಕೆ ಅಥವಾ ಮಾರಾಟದ ಮೇಲಿನ ತೆರಿಗೆ ಕಾಯ್ದೆಯದು. ವಿದ್ಯುತ್ ಎಂಬ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದ್ದರೂ ಅದರ ಬಳಕೆಯ ಮೇಲಿನ ತೆರಿಗೆ ರಾಜ್ಯಪಟ್ಟಿಯ 53ನೇ ನಮೂದು. ಅದನ್ನು ಇಳಿಸಲು ದಿಲ್ಲಿಯ ಮುಖ ನೋಡಬೇಕಿಲ್ಲ. ಶಾಸಕರು ಖಾಸಗಿ ಮಸೂದೆ ತರಲಿ ಎಂದು ಕೆಲವರು ಹೇಳುತ್ತಾರೆ. ಖಜಾನೆಯಿಂದ ಖರ್ಚು ಬೇಡುವ ಮಸೂದೆಯಾದರೆ 207ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸು ಇಲ್ಲದೆ ಅದು ಅಂಗೀಕಾರವಾಗುವುದಿಲ್ಲ. ಆದ್ದರಿಂದ ಬಜೆಟ್ಟಿಗೆ ಮೊದಲೇ ಮನವಿ ಹೋಗುವುದು ಮೇಲು. ಇತ್ತೀಚಿನ ರಾಜ್ಯ ಬಜೆಟ್‌ಗಳು ಫೆಬ್ರುವರಿ 16ಕ್ಕೆ ಬಂದದ್ದೂ ಇದೆ, ಮಾರ್ಚ್ 7ಕ್ಕೆ ಬಂದದ್ದೂ ಇದೆ. ಡಿಸೆಂಬರ್‌ನಲ್ಲಿಯೇ ಅಂಚೆಗೆ ಹಾಕಿ.

ಏನು ಕೇಳಬೇಕು ಎಂಬುದರಲ್ಲಿ ನನ್ನದೇ ಅಭಿಪ್ರಾಯವಿದೆ. ಅರವತ್ತು ದಾಟಿದವರಿಗೆಲ್ಲ ರಿಯಾಯಿತಿ ಎಂದು ಕೇಳಬೇಡಿ. ಮೂರು ಎ.ಸಿ. ಇರುವ ಬಂಗಲೆಯ ಎಪ್ಪತ್ತರ ಯಜಮಾನರಿಗೆ ವಠಾರದ ಅಜ್ಜಿಯ ಹಣ ಹೋಗುವುದು ಬೇಡ. ವಯಸ್ಸನ್ನು ಬಿಟ್ಟು ಯಂತ್ರವನ್ನು ಹಿಡಿಯಿರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ‘ಮೆಡಿಕಲ್ ಬೇಸ್‌ಲೈನ್’ ಎಂಬ ವ್ಯವಸ್ಥೆಯಿದೆ: ಮನೆಯಲ್ಲಿ ಅಂಥ ವೈದ್ಯಕೀಯ ಯಂತ್ರ ಬೇಕೆಂದು ವೈದ್ಯರು ದೃಢೀಕರಿಸಿದರೆ ಆ ಮನೆಗೆ ಕಡಿಮೆ ದರದ ಯೂನಿಟ್ಟುಗಳ ಪಾಲು ಹೆಚ್ಚುತ್ತದೆ. ನಾವು ಕಳಿಸಿದ ಮನವಿಯ ಮುಖ್ಯ ಭಾಗ ಹೀಗಿದೆ, ಬೇಕಾದವರು ಹಾಗೆಯೇ ಬರೆದುಕೊಳ್ಳಿ:

“ವೈದ್ಯರ ಪ್ರಮಾಣಪತ್ರವುಳ್ಳ ಹಿರಿಯ ನಾಗರಿಕರ ಮನೆಯಲ್ಲಿ ಆಮ್ಲಜನಕ ಯಂತ್ರ ಅಥವಾ ಇತರ ಜೀವರಕ್ಷಕ ಉಪಕರಣ ಬಳಸುವ ಯೂನಿಟ್‌ಗಳನ್ನು ಗೃಹಜ್ಯೋತಿಯ 200 ಯೂನಿಟ್ ಮಿತಿಯ ಲೆಕ್ಕದಿಂದ ಹೊರಗಿಡಬೇಕೆಂದು, ಅಂಥ ಮನೆಗಳಿಗೆ ವಿದ್ಯುತ್ ತೆರಿಗೆಯಿಂದ ವಿನಾಯಿತಿ ನೀಡಬೇಕೆಂದು ಕೋರುತ್ತೇವೆ. ಒಂದು ಮನೆಯ ಮೂರು ತಿಂಗಳ ಬಿಲ್ಲುಗಳ ಪ್ರತಿ, ಉಪಕರಣದ ವಾಟ್ ತೋರಿಸುವ ಚೀಟಿಯ ಚಿತ್ರ ಮತ್ತು ವೈದ್ಯರ ಪತ್ರದ ಪ್ರತಿ ಲಗತ್ತಿಸಿದೆ.”

ಕೊನೆಯ ವಾಕ್ಯವನ್ನು ಬಿಡಬೇಡಿ. ಲಗತ್ತು ಇಲ್ಲದ ಮನವಿ ಕಚೇರಿಯಲ್ಲಿ ಯಾವ ಕಡತಕ್ಕೆ ಹೋಗುತ್ತದೆ ಎಂದು ನನಗೆ ಗೊತ್ತು. ಒಂದು ಪ್ರತಿ ಇಂಧನ ಸಚಿವರಿಗೆ, ಒಂದು ಹಣಕಾಸು ಇಲಾಖೆಗೆ, ಒಂದು ನಿಮ್ಮ ಕ್ಷೇತ್ರದ ಶಾಸಕರ ಕಚೇರಿಗೆ. ಶಾಸಕರ ಕಚೇರಿಯಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಎದ್ದು ಬರಬೇಡಿ.

ನಮ್ಮ ಮನವಿಗೆ ಮೂವತ್ತೊಂದು ಸಹಿ ಬಿದ್ದಿವೆ. ಮೊದಲ ಸಹಿ ಅಜ್ಜಿಯದು, ಎರಡನೆಯದು ಅವರ ಯಜಮಾನರದು. ಮೂಗಿನ ಕೊಳವೆ ತೆಗೆಯದೆ, ಹಾಸಿಗೆಯ ಮೇಲೆ ಹಲಗೆ ಇಟ್ಟುಕೊಂಡು, ಇನಿಷಿಯಲ್ ಸಮೇತ ಹಾಕಿದ್ದಾರೆ. ಅಂಚೆಯ ರಸೀದಿಗಳು ನನ್ನ ಬಳಿ ಇವೆ. ಅವೂ ಬಿಲ್ಲಿನ ಹಾಗೆಯೇ ಅಕ್ಷರ ಅಳಿಸಿಹೋಗುವ ಕಾಗದವೇ ಆದ್ದರಿಂದ ಎರಡೆರಡು ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ.